ಉದ್ದ ಕೈಯವನ ಎರಡು ವರ್ಷ

ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಾವು ಗೋಕಾಕ ಮುಟ್ಟುವ ಹೊತ್ತಿಗೆ ಸರಿಯಾಗಿ ವಿಮಾ ಆಫೀಸಿನವರು ಊಟಕ್ಕೆ ಎದ್ದಿರಬಹುದಿತ್ತು, ಇಲ್ಲವೆ ಸರ್ವರ್ ಡೌನ್ ಎನ್ನಬಹುದಿತ್ತು. ಕಂತಿನ ಕೊನೆಯ ದಿನ ನಾನು ತಿಳಿದುಕೊಂಡಂತೆ ಶನಿವಾರವಾಗಿರದೆ ಹಿಂದಿನ ಸೋಮವಾರವೇ ಆಗಿ ಹೋಗಿರಬಹುದಿತ್ತು. ರಕ್ತ ತಪಾಸಣೆ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿ, ಅದರಲ್ಲಿ ಸಕ್ಕರೆ ಹೊರಬಿದ್ದು, ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವನಿಗೆ ಮತ್ತೇನು ಸಿಗುತ್ತದೆ ಎಂದು ಯಾರಾದರೂ ನಗಬಹುದಿತ್ತು. ಕೊನೆಗೆ, ಕಂತು ಕಟ್ಟುವ ಮೊದಲೇ ಮೂಡಲಗಿಗೂ ಗೋಕಾಕಕ್ಕೂ ನಡುವೆ ಎಲ್ಲೋ ನಾನೇ ತೀರಿಕೊಳ್ಳಬಹುದಿತ್ತು. ಇದನ್ನು ಹೆಂಡತಿಗೆ ಹೇಳಿದಾಗ ಅವಳು ಟಿಕೆಟನ್ನು ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

ನಾನು ಕಾರ್ಖಾನೆಯ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ಗುಮಾಸ್ತನಾಗಿದ್ದೆ. ಪಿಂಚಣಿ ಇದೆ, ಹೆಸರಿಗೆ. ನಾನು ಹೋದ ಮೇಲೆ ಹೆಂಡತಿಯ ಕೈಗೆ ಏನಾದರೂ ಬರುವುದಿದ್ದರೆ ಅದು ಕಾರ್ಖಾನೆಯ ಮೂಲಕ ಮಾಡಿಸಿದ್ದ ಜೀವವಿಮೆಯ ಹಣ ಮಾತ್ರ. ನೌಕರಿಯಲ್ಲಿದ್ದಾಗ ಅರ್ಧ ಕಂತು ಅವರು ಕಟ್ಟುತ್ತಿದ್ದರು. ನಿವೃತ್ತನಾದ ಮೇಲೆ ಪೂರ್ತಿ ನನ್ನದೇ ಆಯಿತು. ಅದನ್ನೂ ಹೇಗೋ ಸಂಭಾಳಿಸಿದೆ. ಈ ವರ್ಷ ಬಂದ ಪತ್ರದಲ್ಲಿ ಮಾತ್ರ ಕಂತು ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ನನಗೆ ಅರವತ್ತು ತುಂಬಿದೆಯಂತೆ. ಕಟ್ಟದಿದ್ದರೆ ವಿಮೆ ರದ್ದು. ಈ ವಯಸ್ಸಿನಲ್ಲಿ ಹೊಸದನ್ನು ಯಾರೂ ಕೊಡುವುದಿಲ್ಲ. ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲನೆಯ ಸಲ ತಿಳಿದಿದ್ದ ಸಂಗತಿಗಳು ನಾಲ್ಕನೆಯ ಸಲಕ್ಕೆ ತಿಳಿಯದಂತಾದವು.

ಖರೆ ಹೇಳಬೇಕೆಂದರೆ ನನಗೆ ಅರವತ್ತಾಗಿಲ್ಲ, ಐವತ್ತೆಂಟು.

ನಮ್ಮ ಕಾಲದಲ್ಲಿ ಸಾಲಿಗೆ ಹೆಸರು ಹಚ್ಚಲು ಹುಟ್ಟಿದ ದಿನದ ಕಾಗದವನ್ನು ಯಾರೂ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿತೋ, ಆರು ವರ್ಷ ತುಂಬಿತು. ನನಗೆ ಆಗ ನಾಲ್ಕು. ಆದರೆ ನನ್ನ ಕೈಗಳು ಉದ್ದ. ಗುರುಗಳು ಊರಿನ ಮಕ್ಕಳೆಲ್ಲರಿಗೂ ಬರೆದಂತೆ ಜೂನ್ ಒಂದು ಎಂದು ಬರೆದು, ಆರು ವರ್ಷ ಹಿಂದಿನ ಇಸವಿ ಹಾಕಿದರು. ಹೀಗಾಗಿ ಎರಡು ವರ್ಷ ಮೊದಲೇ ನಿವೃತ್ತನಾದೆ. ಈಗ ನಾನಿನ್ನೂ ಬದುಕಿರದ ಎರಡು ವರ್ಷಗಳಿಗೂ ಸೇರಿಸಿ ಕಂತು ಕಟ್ಟಬೇಕಾಗಿತ್ತು.

ವಯಸ್ಸು ತಿದ್ದಿಸಿದರೆ ಕಂತು ಇಳಿದೀತು ಎಂಬ ಆಸೆಯಿಂದ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಗೆ ಹೋದೆ. ಅಲ್ಲಿ ನಮ್ಮವ್ವನ ತಂಗಿ, ನನ್ನ ಚಿಗವ್ವ ಇದ್ದಾಳೆ. ನನ್ನನ್ನು ಹೆತ್ತಾಗ ಅವ್ವನ ಬಾಣಂತನ ಮಾಡಿದವಳು ಅವಳೇ. ಆ ವಾರ ಮನೆಯ ಎಮ್ಮೆಯೂ ಈದಿತ್ತು ಎಂಬುದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಯಾವ ಇಸವಿ ಎಂದು ಕೇಳಿದೆ. ಎಮ್ಮೆಯ ಬಣ್ಣ ಹೇಳಿದಳು. ಗಿಣ್ಣ ಎಷ್ಟು ಮನೆಗಳಿಗೆ ಹಂಚಿದೆವು ಎಂಬುದನ್ನೂ ಹೇಳಿದಳು. ಕೈ ಕಿವಿಗೆ ಮುಟ್ಟಿದ ಸಂಗತಿಯನ್ನು ಎತ್ತಿದ್ದೇ ತಡ, ಅವಳ ಮುಖ ಅರಳಿತು.

“ಮುಟ್ಟಿದ್ದಲ್ಲೋ ತಮ್ಮಾ, ಕಿವಿ ಹಿಡದ ಜಗ್ಗಿದಿ. ಒಟ್ಟ ನೀ ಮನಿ ಬಿಟ್ಟರ ಸಾಕಾಗಿತ್ತ ನಿಮ್ಮವ್ವಗ.”

ಆಫೀಸಿಗೆ ಬಂದು ನನ್ನ ಖರೆ ವಯಸ್ಸು ಹೇಳುತ್ತೀಯಾ ಎಂದು ಕೇಳಿದೆ. ಅವಳು ಎಲೆ ಅಡಿಕೆಯ ಚೀಲ ಕಟ್ಟುತ್ತ ಸಮಾಧಾನವಾಗಿ, “ಎಷ್ಟ ಅಂತ ಹೇಳಬೇಕ ಹೇಳ, ಅಷ್ಟ ಹೇಳ್ತೇನಿ,” ಎಂದಳು.

ಇಷ್ಟು ಉದಾರಿಯಾದ ಸಾಕ್ಷಿಯನ್ನು ಕರೆದೊಯ್ಯಲು ನನಗೆ ಧೈರ್ಯ ಸಾಲಲಿಲ್ಲ. ಹೆಂಡತಿಯನ್ನೇ ಕರೆದುಕೊಂಡು ಗೋಕಾಕಕ್ಕೆ ಹೊರಟೆ. ಹೇಗಿದ್ದರೂ ವಾರಸದಾರಳ ಸಹಿ ಬೇಕೆಂದು ಪತ್ರದಲ್ಲಿತ್ತು.

ಬಸ್ಸು ಕೆಡಲಿಲ್ಲ. ಆಫೀಸು ತೆರೆದಿತ್ತು, ಸರ್ವರ್ ಕೂಡ ನಡೆಯುತ್ತಿತ್ತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನ ಕೈ, ಕಿವಿ, ಎಮ್ಮೆಗಳ ಕಥೆಯನ್ನು ತಾಳ್ಮೆಯಿಂದ ಕೇಳಿದಳು. ತನ್ನಪ್ಪನದೂ ಜೂನ್ ಒಂದೇ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಕಾಕಾ, ತಿದ್ದಸಬಹುದು. ಆದ್ರ ಸಾಲಿ ದಾಖಲಿ ಒಂದ ಹೇಳ್ತೈತಿ, ನಮ್ಮಲ್ಲಿ ಒಂದ ಇರ್ತೈತಿ. ನಾಳೆ ಕಾಕೂ ಒಬ್ಬರ ಬಂದ ಕ್ಲೇಮಿಗೆ ಕುಂತಾಗ ಅದ ಅಡ್ಡ ಬರ್ತೈತಿ.”

ನನ್ನ ಪ್ರಾಯ ಮರಳಿ ಸಿಕ್ಕರೆ ಹೆಂಡತಿಗೆ ಹಣ ಸಿಗದೆ ಹೋಗಬಹುದು ಎಂದಾಯಿತು. ಸುಮ್ಮನೆ ಅರವತ್ತರವನಾಗಿಯೇ ಉಳಿದೆ. ಆಕೆ ಇನ್ನೊಂದು ದಾರಿ ತೋರಿಸಿದಳು. ವಿಮೆಯ ಮೊತ್ತವನ್ನು ಅರ್ಧಕ್ಕೆ ಇಳಿಸಿದರೆ ಕಂತು ಹೋದ ವರ್ಷದಷ್ಟೇ ಉಳಿಯುತ್ತದೆ. ಪೂರ್ತಿ ಬೇಕೆಂದರೆ ದುಪ್ಪಟ್ಟು ಕಟ್ಟಬೇಕು, ಮುಂದೆ ಮತ್ತೆ ಏರುತ್ತದೆ. ನಾನು ಪೂರ್ತಿ ಎಂದೆ. ಅರ್ಧ ಎಂದೆ. ಎಷ್ಟು ವರ್ಷ ಬದುಕಿದರೆ ಯಾವುದು ಲಾಭ ಎಂದು ಪತ್ರದ ಬೆನ್ನಿಗೆ ಲೆಕ್ಕ ಹಾಕತೊಡಗಿದೆ. ಬೇಗ ಸತ್ತರೆ ಒಂದು ಉತ್ತರ, ತಡವಾಗಿ ಸತ್ತರೆ ಇನ್ನೊಂದು. ಯಾವಾಗ ಎಂಬ ಒಂದೇ ಅಂಕಿ ಕೈಗೆ ಸಿಗುತ್ತಿರಲಿಲ್ಲ.

ಹೆಂಡತಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. “ಪೂರಾ ಕಟ್ಟಿದ್ರ, ಇವರ ಲಗೂನ ಹೋಗಲಿ ಅಂತ ನಾ ದೇವರಿಗೆ ಬೇಡ್ಕೋಬೇಕಾಗ್ತೈತಿ. ಅರ್ಧನ ಇರಲಿ. ತಡಾ ಮಾಡಿದ್ರೂ ನಡೀತೈತಿ.”

ಕೌಂಟರಿನಾಕೆ ತಲೆ ತಗ್ಗಿಸಿ ನಕ್ಕಳು. ಫಾರ್ಮು ಬಂತು. ತಪ್ಪಾದೀತೆಂಬ ಹೆದರಿಕೆಯಲ್ಲಿ ನಾನು ಹೆಸರು, ಊರು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ತುಂಬಿದೆ. ಕೆಳಗೆ ಎರಡು ಚೌಕಗಳಿದ್ದವು. ಹೆಂಡತಿ ಒಂದರಲ್ಲಿ ಸಹಿ ಮಾಡಿದಳು, ನಾನು ಇನ್ನೊಂದರಲ್ಲಿ. ಕೌಂಟರಿನಾಕೆ ಕಾಗದ ತಿರುಗಿಸಿಕೊಂಡು ನೋಡಿ ತಡೆದಳು.

“ಅದಲಬದಲ ಆತ್ರಿ. ಇದರ ಪ್ರಕಾರ ಕಾಕೂ ಹೋದ ಮ್ಯಾಲ ರೊಕ್ಕ ನಿಮಗ ಬರ್ತೈತಿ.”

ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಸತ್ತಿರುವುದನ್ನು ಎಷ್ಟೋ ಬಗೆಯಲ್ಲಿ ಎಣಿಸಿ ನೋಡಿದ್ದೆ. ಪ್ರತಿ ಸಲವೂ ಅವಳು ಮೂಡಲಗಿಯ ಮನೆಯಲ್ಲಿ ಇದ್ದೇ ಇದ್ದಳು. ಚಹಾಕ್ಕೆ ನೀರಿಡುತ್ತಿದ್ದಳು, ವಿಮೆಯವರಿಗೆ ಫೋನು ಮಾಡುತ್ತಿದ್ದಳು. ಅವಳ ಕಡೆಗೆ ತಿರುಗಿ ನೋಡಿದೆ. ಬಿಸಿಲಿನಲ್ಲಿ ನಡೆದು ಬಂದದ್ದಕ್ಕೆ ಹಣೆ ಒರೆಸಿಕೊಳ್ಳುತ್ತಿದ್ದಳು.

ಹೊಸ ಫಾರ್ಮು ಬಂತು. ಯಾವ ಚೌಕ ನನ್ನದೆಂದು ಕೌಂಟರಿನಾಕೆ ಬೆರಳಿಟ್ಟು ತೋರಿಸಿದಳು. ನಾನು ಮತ್ತೊಮ್ಮೆ ಕೇಳಿದೆ.