ದುರಸ್ತಿ ಕಡತದೊಳಗಿನ ಹೆರಿಗೆ ಪುಟ

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆಯನ್ನು ಎಲ್ಲರೂ ದಾಖಲೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಮೂರು ವರ್ಷದ ನೌಕರಿ. ಮೊದಲ ಹತ್ತು ವರ್ಷ ಕಾಗದದ ಧೂಳು ಕುಡಿದಳು, ಆಮೇಲೆ ಪರದೆ ನೋಡಿ ನೋಡಿ ಕಣ್ಣು ಸವೆಸಿಕೊಂಡಳು. ಹಳೆಯ ಕಟ್ಟಡದ ವಾರ್ಡುಗಳನ್ನು ಮುಚ್ಚಿದ ಮೇಲೆ, ಕಂಪ್ಯೂಟರಿನಲ್ಲಿ ಉಳಿದಿದ್ದ ಆ ಕಟ್ಟಡದ ಕಡತಗಳನ್ನೆಲ್ಲ ಅಳಿಸುವ ಕೆಲಸ ಅವಳ ತಲೆಗೆ ಬಂತು.

ಕಡತಗಳು ಕವಲೊಡೆದ ಮರದಂತೆ ಜೋಡಣೆಯಾಗಿದ್ದವು. ಕಟ್ಟಡದ ಕೆಳಗೆ ವಿಭಾಗ, ವಿಭಾಗದ ಕೆಳಗೆ ವರ್ಷ, ವರ್ಷದ ಕೆಳಗೆ ಕಡತ, ಕಡತದೊಳಗೆ ಪುಟ. ಮೇಲಿನ ಕೊಂಬೆಯನ್ನೇ ಹಿಡಿದು ಅಳಿಸಹೊರಟರೆ, ಒಳಗಿರುವುದೆಲ್ಲವನ್ನೂ ಅಳಿಸಲೇ ಎಂದು ಕಂಪ್ಯೂಟರು ಒಂದೇ ಒಂದು ಸಲ ಕೇಳುತ್ತಿತ್ತು. ಹೂಂ ಅಂದರೆ ನೂರಾರು ಪುಟ ಒಂದೇ ಏಟಿಗೆ ಮಾಯ. ಹಿಂದೊಮ್ಮೆ ಹಾಗೆ ಹೂಂ ಅಂದು, ಬೇಕಾದ ಕಡತವನ್ನೂ ಕಳೆದು, ಎಂಟು ದಿನ ಬೈಸಿಕೊಂಡಿದ್ದಳು. ಅಂದಿನಿಂದ ತುದಿಯ ಪುಟದಿಂದ ಶುರುಮಾಡಿ, ಒಂದೊಂದನ್ನೂ ತೆರೆದು ನೋಡಿಯೇ ತೆಗೆಯುವುದು ಅವಳ ರೂಢಿ. ಅದು ನಿಷ್ಠೆಯಲ್ಲ, ಬರೀ ಹೆದರಿಕೆ.

“ಇವತ್ತೆಷ್ಟು ಕೊಂಬೆ ಕಡಿದೆ?” ಎಂದು ಸಂಜೆ ಗಂಡ ಕೇಳುತ್ತಿದ್ದ.

“ಎಲೆ ಕೀಳೋದ್ರಲ್ಲೇ ಇದೀನಿ ಕಣ್ರೀ,” ಎಂದು ಚಪ್ಪಲಿ ಕಳಚಿ ಗೋಡೆಗೆ ಒರಗುತ್ತಿದ್ದಳು. ದಣಿವಾರಿ ಎದ್ದು ಅಡುಗೆಮನೆಗೆ ಹೋಗಲು ಕಾಲು ಗಂಟೆ ಬೇಕಾಗುತ್ತಿತ್ತು.

ಒಂದು ಬುಧವಾರ ಮಂಚ, ಬೀರುಗಳ ದುರಸ್ತಿ ಕಡತಗಳನ್ನು ತೆಗೆಯುತ್ತಿದ್ದಳು. ಮುರಿದ ಸ್ಟೂಲು, ತುಕ್ಕು ಹಿಡಿದ ತೊಟ್ಟಿಲು, ಇಂಥವೇ. ತೊಟ್ಟಿಲಿನ ಕಡತದ ಬುಡದಲ್ಲಿ ಹನ್ನೊಂದು ಪುಟ ಬೇರೆ ಕೈಬರಹ ಕಂಡಿತು. ಹೆರಿಗೆ ರಿಜಿಸ್ಟರು. ನಲವತ್ತಾರು ವರ್ಷ ಹಳೆಯದು. ಸ್ಕ್ಯಾನು ಮಾಡಿದವರು ಯಾರೋ ತಪ್ಪು ಜಾಗದಲ್ಲಿ ತುರುಕಿಬಿಟ್ಟಿದ್ದರು.

ಆ ಇಸವಿ ನೋಡಿದ್ದೇ ಅವಳ ಕೈ ನಿಂತಿತು. ಎರಡು ಸಲ ಒಬ್ಬ ಟೈಲರಮ್ಮ ಕಿಟಕಿಗೆ ಬಂದು ಇದೇ ಇಸವಿಯ ದಾಖಲೆ ಕೇಳಿದ್ದಳು. ಅವಳ ತಾಯಿಯ ಮೊದಲ ಹೆರಿಗೆ ಈ ಆಸ್ಪತ್ರೆಯಲ್ಲೇ ಆಗಿತ್ತು. ತಾಯಿಗೆ ಎರಡು ದಿನ ಎಚ್ಚರವಿರಲಿಲ್ಲ, ಎಚ್ಚರವಾಗುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಆ ಮಾತು ಮತ್ತೆ ಎತ್ತಬೇಡ ಎಂದು ತಾಯಿಯ ಅತ್ತೆ ಹೇಳಿದ್ದಳು. ಅತ್ತೆಯೂ ಹೋದಳು, ಗಂಡನೂ ಹೋದ. “ಗಂಡೋ ಹೆಣ್ಣೋ ಅಷ್ಟಾದ್ರೂ ತಿಳ್ಕೋಬೇಕು ಅಂತಾಳಕ್ಕಾ ಅಮ್ಮ,” ಎಂದಿದ್ದಳು ಟೈಲರಮ್ಮ. ದಾಖಲೆಯಕ್ಕ ಎರಡು ಸಲವೂ ಹೆರಿಗೆ ಕಡತ ಹುಡುಕಿ, ಇಲ್ಲ ಎಂದು ಕಳಿಸಿದ್ದಳು.

ಆರನೇ ಪುಟದಲ್ಲಿ ಟೈಲರಮ್ಮನ ತಾಯಿಯ ಹೆಸರಿತ್ತು.

ಪುಟಗಳನ್ನು ಹೆರಿಗೆ ವಿಭಾಗದ ಕೊಂಬೆಗೆ ಸಾಗಿಸಲು ಮೇಲಿನವರ ಸಹಿ ಬೇಕು. ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತಳು.

“ಸೋಮವಾರದೊಳಗೆ ಆ ಕಟ್ಟಡ ಖಾಲಿ ಆಗ್ಬೇಕು ಅಂದಿದ್ದೆ. ನೀವು ಇನ್ನೂ ಸೇರಿಸೋಕೆ ಬಂದಿದೀರಿ.”

“ಸೇರಿಸ್ತಿಲ್ಲ ಸರ್. ಅದರ ಜಾಗಕ್ಕೆ ಇಡ್ತಿದೀನಿ. ಹೆರಿಗೆ ರಿಜಿಸ್ಟರು ಅಳಿಸೋ ಹಾಗಿಲ್ಲ.”

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಸಾಕಾಗಿತ್ತು. “ಕೊಡಿ,” ಎಂದು ಓದದೆಯೇ ಸಹಿ ಹಾಕಿದರು.

ಹಳೆಯ ಕಡತ ಅಳಿಸುವಾಗ ಪುಟ ಸಿಕ್ಕಿತು ಎಂದು ದಾಖಲೆಯಕ್ಕ ಹೇಳಿಕಳಿಸಿದಳು. ಮರುದಿನ ಟೈಲರಮ್ಮ ತಾಯಿಯನ್ನು ಆಟೋದಲ್ಲಿ ಕರೆತಂದಳು. ಮುದುಕಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಕಾರಿಡಾರು ದಾಟಿದಳು. ದಾಖಲೆಯಕ್ಕ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಪ್ರಿಂಟು ತೆಗೆದ ಪುಟವನ್ನು ನಿಧಾನವಾಗಿ ಓದಿದಳು. ಹೆಣ್ಣು. ಎರಡು ಕೆ.ಜಿ. ಬೆಳಿಗ್ಗೆ ಐದೂವರೆಗೆ ಹುಟ್ಟಿದ್ದು. ಹನ್ನೊಂದು ಗಂಟೆ ಕಾಲ ಬದುಕಿತ್ತು.

ಮುದುಕಿ ಪುಟವನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ಬೆರಳಿನಿಂದ ಸವರಿದಳು.

“ನಾನು ಗಂಡು ಅಂದ್ಕೊಂಡಿದ್ದೆ,” ಎಂದಳು. “ಇಷ್ಟು ವರ್ಷ ಮನಸ್ಸಲ್ಲೇ ‘ಮಗನೇ’ ಅಂತ ಮಾತಾಡಿಸ್ತಿದ್ದೆ. ಅವಳಿಗೆಷ್ಟು ಬೇಜಾರಾಗಿರ್ಬೇಕು.”

“ನಂಗೊಬ್ಬಳು ಅಕ್ಕ ಇದ್ಲು ಅಂತಾಯ್ತು,” ಎಂದು ಟೈಲರಮ್ಮ ತಾಯಿಯ ಬೆನ್ನಿನ ಮೇಲೆ ಕೈಯಿಟ್ಟಳು.

“ಇದನ್ನ ಮತ್ತೆ ತೆಗೆದುಹಾಕ್ತೀರೇನಮ್ಮ?” ಎಂದು ಮುದುಕಿ ಕಂಪ್ಯೂಟರಿನತ್ತ ನೋಡಿದಳು.

“ಇಲ್ಲಮ್ಮ. ಇದು ಇರತ್ತೆ.”

ಮೊದಲ ಸಲ ಬಂದಾಗಲೇ ಇದು ಸಿಕ್ಕಿದ್ದರೆ ಈ ಹೆಂಗಸಿಗೆ ಎರಡು ವರ್ಷ ಮುಂಚೆ ತಿಳಿಯುತ್ತಿತ್ತು ಎಂದು ದಾಖಲೆಯಕ್ಕನಿಗೆ ಅನ್ನಿಸಿತು. ಪುಟವನ್ನು ಲಕೋಟೆಗೆ ಹಾಕಿಕೊಟ್ಟು, ಗೇಟಿನವರೆಗೂ ನಡೆಸಿಕೊಂಡು ಹೋಗಿ ಆಟೋ ಹತ್ತಿಸಿದಳು.

ತಿರುಗಿ ಬಂದಾಗ ಕುರ್ಚಿ ಇನ್ನೂ ಬೆಚ್ಚಗಿತ್ತು. ಸೊಂಟ ಹಿಡಿದುಕೊಂಡೇ ಕುಳಿತಳು. ದುರಸ್ತಿ ವಿಭಾಗದಲ್ಲೇ ಇನ್ನೂ ಸಾವಿರದ ಮುನ್ನೂರು ಪುಟ ಬಾಕಿ. ಸೋಮವಾರದೊಳಗೆ ಮುಗಿಯುವುದಿಲ್ಲ, ಮತ್ತೆ ಬೈಗುಳ ತಪ್ಪದು. ಕಣ್ಣಿಗೆ ನೀರು ಹಾಕಿಕೊಂಡು ಬಂದು, ಮುಂದಿನ ಪುಟ ತೆರೆದಳು. ಕಿಟಕಿಯ ಚಿಲಕ ರಿಪೇರಿ. ಪೂರ್ತಿ ಓದಿ, ಅಳಿಸಿದಳು.