ಇದ್ದಿಲು ಸುಡುವವರ ಮನೆಗೆ ಬಂದ ರೇಷ್ಮೆ ಹುಳು

ನಾನು ಮದುವೆಯಾಗಿ ಬಂದ ಊರು ಮಂಚೇನಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿತ್ತು. ನಮ್ಮ ಕೇರಿಯವರೆಲ್ಲ ಇದ್ದಿಲು ಸುಡುವವರು. ಜಾಲಿ ಕಡಿದು, ತುಂಡು ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಹಸಿ ಮಣ್ಣು ಮೆತ್ತಿ, ಒಳಗೆ ಬೆಂಕಿ ಹಾಕಿ ಕಾಯುವುದೇ ಅವರ ಬದುಕು. ಎಲ್ಲಾದರೂ ಬಿರುಕು ಬಿಟ್ಟು ಗಾಳಿ ನುಗ್ಗಿತೋ, ಮರವೆಲ್ಲ ಉರಿದು ಬೂದಿ. ನನ್ನ ಮಾವ ಬಟ್ಟಿಯ ಸುತ್ತ ಮಣ್ಣಿನ ಮುದ್ದೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಅವರ ಬಟ್ಟಿ ಒಮ್ಮೆಯೂ ಬೂದಿಯಾಗಿಲ್ಲ ಎಂಬುದು ಕೇರಿಯಲ್ಲಿ ದೊಡ್ಡ ಮಾತಾಗಿತ್ತು.

ತೊಂಬತ್ತರ ಸುಮಾರಿಗೆ, ನಮ್ಮ ಇದ್ದಿಲು ಕೊಳ್ಳುತ್ತಿದ್ದ ಚಿಕ್ಕಬಳ್ಳಾಪುರದ ಹೋಟೆಲುಗಳಿಗೆಲ್ಲ ಗ್ಯಾಸ್ ಸಿಲಿಂಡರ್ ಬಂತು. ಗುಡ್ಡದ ಮರ ಮುಟ್ಟಬಾರದೆಂದು ಅರಣ್ಯ ಇಲಾಖೆಯ ಗಾರ್ಡುಗಳು ಕೊಡಲಿ ಕಿತ್ತುಕೊಂಡು ಹೋದರು. ಇಷ್ಟೆಲ್ಲ ಆದ ಮೇಲೆ ನಮ್ಮನ್ನು ಉದ್ಧಾರ ಮಾಡಲು ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದರು. ಹೊಗೆಯ ಕೆಲಸ ಬಿಡಿ, ರೇಷ್ಮೆ ಹುಳು ಸಾಕಿ ಎಂದರು. ಹಿಪ್ಪುನೇರಳೆ ಬೆಳೆಯಲು ನಮಗೆ ಗೇಣು ಜಮೀನಿಲ್ಲ ಎಂದರೆ, ಪಕ್ಕದೂರಿನ ತೋಟದಿಂದ ಸೊಪ್ಪು ಕೊಡಿಸುತ್ತೇವೆ ಎಂದರು. ನಾನು ಹತ್ತನೇ ಕ್ಲಾಸು ಓದಿದ್ದರಿಂದ ಮೊದಲ ಹುಳು ನಮ್ಮ ಮನೆಗೇ ಬಂತು. ಈ ಬೆಳೆ ಕೈಗೆ ಹತ್ತಿದರೆ ಮಾತ್ರ ಉಳಿದ ಮನೆಗಳಿಗೂ ಹುಳು ಕೊಡುತ್ತೇವೆ ಎಂದು ಅವರ ಮೇಲ್ವಿಚಾರಕ ಎಲ್ಲರೆದುರು ಹೇಳಿದ. ಇಡೀ ಕೇರಿಯ ಅನ್ನದ ದಾರಿ ನಮ್ಮ ಒಂದು ಕೋಣೆಯೊಳಗೆ ಸೇರಿತು.

ಹುಳುವಿನ ತಟ್ಟೆಗಳಿಗೆ ಕೋಣೆ ಬಿಟ್ಟುಕೊಟ್ಟು ನಾನು, ನನ್ನ ಗಂಡ, ಮಾವ ಮೂವರೂ ಜಗಲಿಗೆ ಬಂದೆವು. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ನಿಂತು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಆ ಮಾತು ಕೇಳಿ ಮಾವ ಗಾಬರಿಯಾದರು. "ಮಾತ್ರೆ ಗೀತ್ರೆ ಕೊಡ್ಬೇಕೇನಮ್ಮ?" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಜಗಲಿಗೂ ಕೇಳುತ್ತಿತ್ತು. ಇನ್ನು ಕೆಲವೇ ದಿನ, ಆಮೇಲೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಎಂದು ನನಗೆ ಆಸೆ ಹತ್ತಿತ್ತು.

ಅಷ್ಟರಲ್ಲಿ ಧನುರ್ಮಾಸದ ಚಳಿ ಹಿಡಿಯಿತು. ಬಾಣಲೆಯಲ್ಲಿ ಇದ್ದಿಲ ಕೆಂಡ ಇಡಿ, ಕಿಟಕಿ ಮಾತ್ರ ತೆರೆದಿರಲಿ ಎಂದು ಮೇಲ್ವಿಚಾರಕ ಹೇಳಿಹೋದ. ಇದ್ದಿಲು ಎಂದ ಕೂಡಲೇ ಮಾವನ ಮುಖ ಅರಳಿತು. ಕಿಟಕಿಯ ಮಾತು ಮಾತ್ರ ಅವರ ಗಂಟಲಲ್ಲಿ ಇಳಿಯಲಿಲ್ಲ.

"ಬೆಂಕಿ ಇಟ್ಬುಟ್ಟು ಗಾಳಿ ಬಿಡ್ತಾರೇನಮ್ಮ ಯಾರಾದ್ರೂ? ಎಲ್ಲಾ ಬೂದಿ ಆಗೋಗ್ತದೆ ಕಣಮ್ಮ."

"ಇದು ಬಟ್ಟಿ ಅಲ್ಲ ಮಾವ. ಹುಳ ಉಸಿರಾಡ್ಬೇಕು," ಎಂದೆ. ಮಾವ ಹೂಂ ಎಂದು ತಲೆಯಾಡಿಸಿದರು.

ಮರುದಿನ ನಾನೂ ಗಂಡನೂ ಸೊಪ್ಪಿಗೆ ಹೋದೆವು. ಸೋನೆ ಹಿಡಿಯಿತು. ನೆನೆದ ಸೊಪ್ಪು ಹುಳುವಿಗೆ ಆಗದು, ಅದಕ್ಕೇ ನಿಂತು, ಒಣಗಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಮಾವ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೊಣಕೈವರೆಗೂ ಕೆಸರು. ಕಿಟಕಿ, ಬಾಗಿಲ ಸಂದು, ಹೆಂಚಿನ ಅಂಚು, ಎಲ್ಲಕ್ಕೂ ಹುಲ್ಲು ತುರುಕಿ ಮಣ್ಣು ಮೆತ್ತಿದ್ದರು. ಅಷ್ಟು ನೆಮ್ಮದಿಯ ಮುಖವನ್ನು ಬಟ್ಟಿ ನಿಂತ ಮೇಲೆ ನಾನು ನೋಡಿರಲಿಲ್ಲ.

ಗಂಡ ಬಾಗಿಲು ಒದ್ದ. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಸದ್ದಿರಲಿಲ್ಲ. ಹುಳುಗಳು ಹಸಿರು ನೀರು ಕಕ್ಕಿಕೊಂಡು ತಟ್ಟೆಯ ತುಂಬ ಮೆತ್ತಗೆ ಬಿದ್ದಿದ್ದವು. ನಾನು ಸೊಪ್ಪಿನ ಹೊರೆ ಅಲ್ಲೇ ಎಸೆದು ಬಾಯಿಗೆ ಬಂದಂತೆ ಬೈದೆ. ಮಾವನನ್ನಲ್ಲ, ಜೀಪಿನವರನ್ನು.

ಮೇಲ್ವಿಚಾರಕ ಬಂದು ನೋಡಿ, ಮೂಗು ಮುಚ್ಚಿಕೊಂಡು ಹೊರಗೆ ನಿಂತ. ಇನ್ನೊಂದು ಸಲ ಕೊಡಿ ಎಂದು ಕೇರಿಯ ಹೆಂಗಸರೆಲ್ಲ ಕೈಮುಗಿದರು. "ನಿಮ್ಮ ಕೈಲಿ ಆಗಲ್ಲ ಬಿಡಿ. ಇದ್ದಿಲು ಸುಡೋದು ನಿಲ್ಲಿಸಿದ್ದೀರಲ್ಲ, ನಮಗೆ ಅಷ್ಟು ಸಾಕು," ಎಂದ. ಜೀಪು ಮತ್ತೆ ನಮ್ಮ ಕಡೆ ತಿರುಗಲಿಲ್ಲ. ಕೇರಿ ಒಂದೊಂದೇ ಮನೆಯಾಗಿ ಖಾಲಿಯಾಯಿತು. ಕೆಲವರು ಕಲ್ಲು ಒಡೆಯಲು ಹೋದರು, ಕೆಲವರು ಎಲ್ಲಿ ಹೋದರೋ ಇಂದಿಗೂ ಗೊತ್ತಿಲ್ಲ.

ನಾವು ಶಿಡ್ಲಘಟ್ಟದ ಹತ್ತಿರ ಒಬ್ಬ ಸಾಹುಕಾರರ ಹುಳು ಸಾಕುವ ಮನೆಯಲ್ಲಿ ಆಳುಗಳಾದೆವು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ನೀವಿಬ್ಬರೂ ಬನ್ನಿ, ಆ ಮುದುಕ ಮಾತ್ರ ಹುಳುವಿನ ಹತ್ತಿರ ಸುಳಿಯಬಾರದು ಎಂದರು. ಮಾವ ದಿನವಿಡೀ ಅಂಗಳದಾಚೆ ಹುಣಸೆ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಊಟ ಕೊಡಲು ಹೋದಾಗ ಮೆಲ್ಲಗೆ ಕೇಳಿದರು.

"ಎಲ್ಲಿಂದ ನುಗ್ತಮ್ಮ ಗಾಳಿ? ಒಂದ್ ಸಂದೂ ಬಿಟ್ಟಿರಲಿಲ್ವಲ್ಲ ನಾನು."