ಅಕ್ಕ ಕೇಳಿದ ಗುಲಾಬಿ ಚಹಾ

ಬೀದಿಯವರೆಲ್ಲ ಅವಳನ್ನು ಪರದೆಯಮ್ಮ ಎಂದೇ ಕರೆಯುತ್ತಿದ್ದರು. ಆ ಬೀದಿಯ ಮುಕ್ಕಾಲು ಪಾಲು ಕಿಟಕಿಗಳಲ್ಲಿ ತೂಗುತ್ತಿದ್ದುದು ಅವಳು ಹೊಲಿದ ಪರದೆಗಳೇ. ಯಾರ ಮನೆಗೆ ಬೆಳಕು ಬೇಕು, ಯಾರಿಗೆ ಎದುರುಮನೆಯವರ ಕಣ್ಣು ಬೇಡ, ಯಾರು ಗೋಡೆಯ ಬಿರುಕು ಮುಚ್ಚುವುದಕ್ಕೆಂದೇ ಪರದೆ ಹೊಲಿಸುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಿದವಳಲ್ಲ. ಹೇಳಬೇಕೆಂದರೂ ಕಷ್ಟವಿತ್ತು. ಸದಾ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವಳ ಮಾತು ಬಾಯಿಯ ಒಂದು ಮೂಲೆಯಿಂದ ಅರ್ಧಂಬರ್ಧವಾಗಿ ಹೊರಬೀಳುತ್ತಿತ್ತು.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಸಾಕಾಗಿ, ಮನೆಗೆ ಬಂದರೆ ಕುರ್ಚಿಯಿಂದ ಏಳುತ್ತಿರಲಿಲ್ಲ. ಅವನ ಅಣ್ಣ ಅತ್ತಿಗೆ ಅದೇ ಮನೆಯ ಮಹಡಿಯಲ್ಲಿದ್ದರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಒಬ್ಬರೇ ಉಳಿದರು. ಪರದೆಯಮ್ಮನಿಗೆ ಅವರು ಓರಗಿತ್ತಿ. ಆದರೆ ಮದುವೆಯಾಗಿ ಬಂದ ದಿನದಿಂದ ಅವಳು ಅವರನ್ನು ಕರೆದದ್ದು "ಅಕ್ಕ" ಎಂದೇ.

ಅಕ್ಕ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವ ಹೋಗುವ ಹೊತ್ತು ಹೇಳುತ್ತಿದ್ದವರು. ಎಂಥ ದನಿ ಅದು! ಅವರ ಬಾಯಲ್ಲಿ ತಡವಾದ ಗಾಡಿಯೂ ಮರ್ಯಾದೆಯಿಂದ ತಡವಾಗುತ್ತಿತ್ತು. ಒಂದಕ್ಷರ ನುಂಗುವವರಲ್ಲ. ನುಂಗಿದವರನ್ನು ಬಿಡುವವರೂ ಅಲ್ಲ. ಪರದೆಯಮ್ಮ ಮೆಟ್ಟಿಲ ಕೆಳಗೆ ನಿಂತು ಸೂಜಿಗಳ ನಡುವಿನಿಂದ ಏನಾದರೂ ಕೂಗಿದರೆ ಮೇಲಿನಿಂದ ಉತ್ತರ ಬರುತ್ತಿತ್ತು: "ಬಾಯಿಗೆ ಹಾಕ್ಕೊಂಡಿರೋದನ್ನ ಉಗಿದು ಆಮೇಲೆ ಮಾತಾಡು."

ಅವರಿಬ್ಬರ ನಡುವೆ ಜಗಳವಿರಲಿಲ್ಲ. ಸಲುಗೆಯೂ ಇರಲಿಲ್ಲ. ಅಕ್ಕ ಯಾರ ಹತ್ತಿರವೂ ಏನನ್ನೂ ಕೇಳಿ ಪಡೆದವರಲ್ಲ. ಜ್ವರ ಬಂದರೂ ಬಾಗಿಲು ಹಾಕಿಕೊಂಡು ಮಲಗಿ, ಬಿಟ್ಟ ಮೇಲೆ "ಜ್ವರ ಬಂದಿತ್ತು" ಎನ್ನುತ್ತಿದ್ದರು, ಬಂದುಹೋದ ಗಾಡಿಯ ಹಾಗೆ.

ಅಂಥ ಅಕ್ಕನಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸೋತವು. ಮಾತೂ ಹೋಯಿತು. ಡಾಕ್ಟರು, "ಬರುತ್ತೆ, ನಿಧಾನವಾಗಿ ಬರುತ್ತೆ, ಅವಸರ ಮಾಡಬೇಡಿ" ಎಂದರು. ಅವಸರ ಮಾಡುವವರು ಯಾರೂ ಇರಲಿಲ್ಲ, ಅಕ್ಕನೊಬ್ಬರನ್ನು ಬಿಟ್ಟು. ಒಂದು ಪದಕ್ಕಾಗಿ ಹಣೆ ಗಂಟಿಕ್ಕಿ ತಡಕಾಡಿ, ಸಿಕ್ಕ ಪದ ಬೇಕಾದ ಪದವಲ್ಲವೆಂದು ತಿಳಿದು, ಅವರು ಮುಖ ಗೋಡೆಗೆ ತಿರುಗಿಸುತ್ತಿದ್ದರು.

ಆಸ್ಪತ್ರೆಯಿಂದ ಬಂದ ಅಕ್ಕನಿಗೆ ಮೆಟ್ಟಿಲು ಹತ್ತಲಾಗದೆಂದು ಕೆಳಗಿನ ಹೊಲಿಗೆ ಕೋಣೆಯಲ್ಲಿ ಮಂಚ ಹಾಕಿದರು. ಹೊಲಿಗೆ ಮೆಷಿನ್ನು ನಡುಮನೆಗೆ ಬಂತು. ಬಟ್ಟೆಯ ಸುರುಳಿಗಳು ಊಟದ ಮೇಜಿನ ಕೆಳಗೆ ಸೇರಿದವು. ಅಕ್ಕ ಇದನ್ನೆಲ್ಲ ನೋಡುತ್ತಿದ್ದರು. ಆಮೇಲೊಂದು ದಿನ ಹಳೆಯ ಸಹೋದ್ಯೋಗಿ ಒಬ್ಬರು ನೋಡಲು ಬಂದಾಗ ಬಾಗಿಲು ಮುಂದೆ ಮಾಡಿಸಿ, ಎಡಗೈಯಲ್ಲಿ ಏನೋ ಗೀಚಿ ತೋರಿಸಿ, ಊರಂಚಿನ ಆರೈಕೆ ಮನೆಯಲ್ಲಿ ತಮಗೊಂದು ಕೋಣೆ ಗೊತ್ತು ಮಾಡಿಸಿದರು. ಮುಂದಿನ ತಿಂಗಳು ಖಾಲಿಯಾಗುತ್ತದಂತೆ.

"ಅಕ್ಕ ಹೋಗ್ತಾರಂತೆ," ಎಂದಳು ಪರದೆಯಮ್ಮ, ಗಂಡನಿಗೆ ಬಡಿಸುತ್ತ.

"ಗೊತ್ತಾಯ್ತು. ಅವರಿಷ್ಟ ಕಣೇ. ದೊಡ್ಡೋರು ಒಂದು ಸಲ ಮನಸ್ಸು ಮಾಡಿದ್ಮೇಲೆ ಬೇಡ ಅನ್ನೋಕೆ ನಾವ್ಯಾರು?"

"ನಾನೇನು ಬೇಡ ಅಂದ್ನಾ?"

"ಮತ್ತೆ ಸಾರಿನ ಸೌಟನ್ನ ಅಷ್ಟು ಜೋರಾಗಿ ಯಾಕೆ ಕುಟ್ತೀಯಾ?"

ಅವಳಿಗೆ ಅಕ್ಕ ಹೋಗುವುದು ಬೇಕಿರಲಿಲ್ಲ. ಯಾಕೆಂದು ಕೇಳಿದ್ದರೆ ಹೇಳಲು ತಿಳಿಯುತ್ತಿರಲಿಲ್ಲ. ಅಷ್ಟು ವರ್ಷ ತಲೆಯ ಮೇಲೆ ನಡೆದಾಡಿದ ಹೆಜ್ಜೆ ಸದ್ದು ನಿಂತಾಗ ಮನೆಯ ಸೂರೇ ತೆಳ್ಳಗಾದಂತೆ ಅನ್ನಿಸಿತ್ತು ಅವಳಿಗೆ. ಆದರೆ "ಹೋಗಬೇಡಿ" ಎಂದು ಅಕ್ಕನ ಮುಖ ನೋಡಿ ಹೇಳುವುದು ಹೇಗೆ? ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಟ್ಟೂ ಕೊಟ್ಟೂ ಆ ಮನೆಯಲ್ಲಿ ಮನಸ್ಸಿನ ಮಾತು ಬಾಯಿಗೆ ಬರುವ ರೂಢಿಯೇ ತಪ್ಪಿಹೋಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಚಹಾ ಕೊಟ್ಟಳು. ಹಾಲು ಹಾಕದ ಕಪ್ಪು ಚಹಾ ಆ ಮನೆಯ ರೂಢಿ. ಅದರಲ್ಲೂ ಪರದೆಯಮ್ಮನ ಚಹಾ ಎಂದರೆ ಕಾಡಿಗೆಗೆ ನೀರು ಬೆರೆಸಿದಷ್ಟು ಕಪ್ಪು. ಕೊತಕೊತ ಕುದಿಸಿ, ಪುಡಿಯ ಜೀವ ಹಿಂಡಿಯೇ ಇಳಿಸುತ್ತಿದ್ದಳು. ಅಕ್ಕ ಲೋಟವನ್ನು ಎಡಗೈಯಿಂದ ಮೆಲ್ಲಗೆ ಆಚೆ ತಳ್ಳಿದರು. ತುಟಿ ಅದುರಿತು.

"ಗು... ಗುಲಾಬಿ," ಎಂದರು. ಮತ್ತೆ ಉಸಿರು ತೆಗೆದುಕೊಂಡು, "ಚಹಾ."

ಪರದೆಯಮ್ಮನ ಕೈಯಲ್ಲಿದ್ದ ತಟ್ಟೆ ಬೀಳುವುದೊಂದು ಬಾಕಿ. ಅಕ್ಕ ಕೇಳಿದ್ದರು! ಇಷ್ಟು ವರ್ಷದಲ್ಲಿ ಮೊದಲ ಸಲ, ಬಾಯಿಬಿಟ್ಟು, ತನ್ನ ಹತ್ತಿರ! ಇದೊಂದನ್ನು ಸರಿಯಾಗಿ ತಂದುಕೊಟ್ಟರೆ ಅಕ್ಕ ಉಳಿದುಕೊಳ್ಳುತ್ತಾರೆ ಎಂದು ಅವಳ ಮನಸ್ಸು ಅಲ್ಲೇ ಗಂಟು ಹಾಕಿಕೊಂಡಿತು.

"ಗುಲಾಬಿ ಚಹಾನಾ?" ಎಂದ ಗಂಡ. "ಅದೇನು, ಕುಡಿಯೋಕೋ ಮುಡಿಯೋಕೋ?"

"ನಿಮಗ್ಯಾಕೆ? ನಿಮ್ಮನ್ನ ಕೇಳಿದ್ರಾ?"

ಮೊದಲು ದೊಡ್ಡ ಅಂಗಡಿಯಿಂದ ಹೂವಿನ ಚಿತ್ರವಿದ್ದ ಡಬ್ಬಿ ತಂದಳು. ನೀರಿಗೆ ಹಾಕಿದ್ದೇ ತಡ ಮನೆಯೆಲ್ಲ ಸ್ನಾನದ ಸೋಪಿನ ವಾಸನೆ. "ಯಾರು ತಲೆಗೆ ನೀರು ಹಾಕ್ಕೊಂಡ್ರು?" ಎನ್ನುತ್ತ ಗಂಡ ಒಳಗೆ ಬಂದ. ಅಕ್ಕ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. "ಚೆನ್ನಾಗಿದೆಯಾ ಅಕ್ಕ?" ಎಂದರೆ ತಲೆ ಹೌದೆಂದೂ ಆಡಲಿಲ್ಲ, ಇಲ್ಲವೆಂದೂ ಆಡಲಿಲ್ಲ. ಆದರೆ ಲೋಟ ಖಾಲಿಯಾಯಿತು.

ಆಮೇಲೆ ಅತ್ತರಿನಂಗಡಿಯವನು ಕೊಟ್ಟ ಹನಿ. ಅದು ಚಹಾಕ್ಕೆ ಬಿದ್ದು, ನಾಲಿಗೆಗೆ ಅಂಟಿ, ಊಟದ ತನಕ ಬಿಡಲಿಲ್ಲ. ಆಮೇಲೆ ಒಣಗಿಸಿದ ಎಸಳು. ಅದು ಲೋಟದಲ್ಲಿ ನೆನೆದ ಕಾಗದದಂತೆ ತೇಲಿ, ಕುಡಿದರೆ ಹುಲ್ಲಿನ ರುಚಿ. ಪ್ರತಿಯೊಂದನ್ನೂ ಅಕ್ಕ ಅದೇ ಸಹನೆಯಿಂದ ಕುಡಿದರು. ಪ್ರತಿಸಲವೂ ಕುಡಿದಾದ ಮೇಲೆ ಪರದೆಯಮ್ಮನ ಮುಖವನ್ನೇ ನೋಡುತ್ತಿದ್ದರು. ಇನ್ನೂ ಸರಿಯಾದದ್ದು ಸಿಕ್ಕಿಲ್ಲವೆಂಬ ಬೇಸರವೇ ಅದು ಎಂದು ಅವಳು ಅಂದುಕೊಂಡಳು.

ಕೊನೆಗೆ ಒಬ್ಬ ಗಿರಾಕಿ ಹೇಳಿದ ಮೇಲೆ ಹಳೆ ಮಾರುಕಟ್ಟೆಯ ಚಹಾಪುಡಿ ಅಂಗಡಿ ಹುಡುಕಿಕೊಂಡು ಹೋದಳು. ಕಿರಿದಾದ ಅಂಗಡಿ. ಗೋಡೆಯುದ್ದಕ್ಕೂ ತಗಡಿನ ಡಬ್ಬಗಳು. ಗಲ್ಲಾಪೆಟ್ಟಿಗೆಯ ಹಿಂದೆ ಮುದಿ ಗಂಡ ಹೆಂಡತಿ. ಗಂಡನಿಗೆ ತೀರದ ನೆಗಡಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ವ್ಯಾಪಾರ.

"ಮೂಗು ಅವಳದು, ಬಾಯಿ ನಂದು," ಎಂದು ಆತ ಹೆಂಡತಿಯನ್ನು ತೋರಿಸಿದ. "ಅವಳು ಮೂಸಿ ಹೇಳ್ತಾಳೆ, ನಾನು ಮಾರ್ತೀನಿ."

"ಮಾರೋದೇನು, ನೀವು ಸೀನಿ ಸೀನಿ ಗಿರಾಕಿ ಓಡಿಸ್ತೀರಿ," ಎಂದಳು ಮುದುಕಿ. ಪರದೆಯಮ್ಮ ತಂದಿದ್ದ ಡಬ್ಬಿ ಮೂಸಿ, ಮುಖ ಸಿಂಡರಿಸಿದಳು. "ಇದು ಸೆಂಟಮ್ಮ. ಕುಡಿಯೋ ಮೊದಲೇ ಮೂಗಿಗೆ ಬಂದ್ರೆ ಸೆಂಟು. ಕುಡಿದ ಮೇಲೆ ಗಂಟಲಿಂದ ಹಿಂದಕ್ಕೆ ಬಂದ್ರೆ ಹೂವು."

ಮುದುಕಿ ಒಂದು ಸಣ್ಣ ಗಾಜಿನ ಲೋಟದಲ್ಲಿ ತನ್ನ ಗುಲಾಬಿ ಚಹಾ ಮಾಡಿಕೊಟ್ಟಳು. ಎಳೆ ಬಣ್ಣ, ತಳ ಕಾಣುವಷ್ಟು ತಿಳಿ. ಪರದೆಯಮ್ಮ ಮನಸ್ಸಿನಲ್ಲೇ, 'ಪಾಪ, ವಯಸ್ಸಾದವರು, ಪುಡಿ ಉಳಿಸುತ್ತಾರೆ' ಎಂದುಕೊಂಡಳು. ಕುಡಿದಳು. ನಿಜ, ಗಂಟಲು ದಾಟಿದ ಮೇಲೆ ಎಲ್ಲಿಂದಲೋ ಹೂವು ಬಂತು. ಅರಳಿದ ಹೂವಿನ ಪಕ್ಕ ಯಾರೋ ಹಾದುಹೋದಷ್ಟೇ.

"ಇದೇ! ಇದನ್ನೇ ಕೊಡಿ."

"ಕೊಡೋಕೆ ಉಳಿದಿದ್ದು ಇಷ್ಟೇ ಇತ್ತು. ನೀವೇ ಮಾಡ್ಕೊಳ್ಳಿ, ಕಷ್ಟವೇನಿಲ್ಲ," ಎಂದಳು ಮುದುಕಿ. ಪರಿಮಳವಿರುವ ಹೂವೇ ಆಗಬೇಕು, ಚೆಂದದ್ದಲ್ಲ. ಎಲೆಚಹಾ ಒಂದು ಪದರ, ಹಸಿ ಎಸಳು ಒಂದು ಪದರ, ಡಬ್ಬ ಮುಚ್ಚಿಡಬೇಕು. ಎಲೆ ಹೂವಿನ ಉಸಿರು ಕುಡಿಯುತ್ತದೆ. ಆಮೇಲೆ ಬಾಡಿದ ಎಸಳು ತೆಗೆದು, ಎಲೆಯನ್ನು ಸಣ್ಣ ಶಾಖಕ್ಕೆ ಒಣಗಿಸಿ, ಮತ್ತೆ ಹೊಸ ಎಸಳು. "ಅವಸರ ಪಟ್ಟರೆ ಬೂಷ್ಟು ಬರುತ್ತೆ ನೋಡಿ."

ಹೂವಿಗೇನು ಕೊರತೆ? ಹಿತ್ತಿಲಲ್ಲಿ ಗುಲಾಬಿ ಬೆಳೆಸಿದ್ದ ಗಿರಾಕಿಯೊಬ್ಬಳ ಮನೆಗೆ ಹೋಗಿ, ಹೊಲಿದ ಪರದೆ ಕೊಟ್ಟು, ಬುಟ್ಟಿ ತುಂಬ ಎಸಳು ತಂದಳು. ಹೊಲಿಗೆ ಬದಿಗೆ ಸರಿಯಿತು. ನಡುಮನೆಯಲ್ಲಿ ಬಟ್ಟೆಯ ಜಾಗದಲ್ಲಿ ಎಸಳು ಹರಡಿದವು. ಗಂಡ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ನಡೆಯತೊಡಗಿದ. "ನನ್ನ ಮದುವೇಲೂ ಇಷ್ಟು ಹೂವು ಹಾಸಿರಲಿಲ್ಲ," ಎಂದ. ಮಂಚದ ಮೇಲಿಂದ ಅಕ್ಕ ಬಾಗಿಲಾಚೆ ನಡೆಯುವುದನ್ನೆಲ್ಲ ನೋಡುತ್ತಿದ್ದರು.

ಡಬ್ಬ ತೆರೆದ ದಿನ ಆ ಪರಿಮಳಕ್ಕೆ ಪರದೆಯಮ್ಮನ ಕಣ್ಣು ತುಂಬಿತು. ಕೈ ಬಿಗಿಹಿಡಿಯದೆ ಎರಡು ಪಾಲು ಎಲೆ ಹಾಕಿ, ತನ್ನ ಪದ್ಧತಿಯಂತೆ ಕೊತಕೊತ ಕುದಿಸಿ, ಕಪ್ಪಗೆ ಸೋಸಿ ಕೊಟ್ಟಳು.

ಅಕ್ಕ ಬಾಯಿಗಿಟ್ಟರು. ಮುಖ ಕಿವುಚಿದರು. ಈ ಸಲ ಕುಡಿಯಲಿಲ್ಲ. ಲೋಟವನ್ನು ಆಚೆ ತಳ್ಳಿದರು.

ಪರದೆಯಮ್ಮ ತಾನೇ ಕುಡಿದು ನೋಡಿದಳು. ಹೂವೂ ಇಲ್ಲ, ಗೀವೂ ಇಲ್ಲ. ಬರೀ ಒಗರು. ಲೋಟ ತೊಳೆದಿಟ್ಟಳು. ಭಾನುವಾರ ಆರೈಕೆ ಮನೆಯ ಕಾರು ಬರುವುದಿತ್ತು. ಹೋಗುವವರು ಹೋಗಲಿ, ಒಪ್ಪಿಕೊಂಡ ಕೆಲಸವಾದರೂ ಮುಗಿಯಲಿ ಎಂದು ಹೊಸ ಬಟ್ಟೆಯ ಸುರುಳಿ ಎತ್ತಿಕೊಂಡಳು. ಅಂಚು ಮಡಚುವ ಕೆಲಸ, ಮೆಷಿನ್ನು ಬೇಡ. ಒಬ್ಬಳೇ ಕೂತರೆ ಅಳು ಬರುತ್ತದೆಂದು ಅಕ್ಕನ ಮಂಚದ ಪಕ್ಕ ಬಂದು ಕೂತಳು. ಯಾರದೋ ಮಲಗುವ ಕೋಣೆಯ ಪರದೆಯ ಒಳಪದರದ ಬಟ್ಟೆ ಅದು. ತೆಳು, ನಸುಗೆಂಪು, ಬೆಳಕು ಬಿದ್ದರೆ ಕರಗುವಂಥದ್ದು. ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು.

ಅಕ್ಕನ ಎಡಗೈ ಮೆಲ್ಲಗೆ ಬಂದು ಆ ಬಟ್ಟೆಯನ್ನು ಹಿಡಿಯಿತು.

"ಗುಲಾಬಿ," ಎಂದರು.

"ಹೂಂ ಅಕ್ಕ, ಗುಲಾಬಿ ಬಣ್ಣ. ಆ ಬೇಕರಿಯವರ ಮನೇದು."

"ಚಹಾ." ಅಕ್ಕ ಬಟ್ಟೆಯ ತುದಿಯನ್ನು ಬೆಳಕಿಗೆ ಎತ್ತಿದರು, ಲೋಟ ಎತ್ತಿ ಹಿಡಿದ ಹಾಗೆ. "ಹೀಗೆ. ಚಹಾ... ಹೀಗೆ. ತಿ... ತಿಳಿ." ಗಂಟಲು ಮುಟ್ಟಿಕೊಂಡರು. "ನಿನ್ನದು... ಹಿಡಿಯುತ್ತೆ."

ಪರದೆಯಮ್ಮನ ಸೂಜಿ ಅಲ್ಲೇ ನಿಂತಿತು.

"ಹೂವಲ್ವಾ?"

"ಹೂವು... ಯಾರು ಕೇಳಿದ್ರು?"

ಮೈಕಿನ ಮುಂದೆ ಕೂರುವವರು ಗಂಟಲು ಹಿಡಿಯುವ ಕಡು ಚಹಾ ಕುಡಿಯುವುದುಂಟೇ? ಅಕ್ಕ ಜನ್ಮವಿಡೀ ಮಹಡಿಯಲ್ಲಿ ತಾವೇ ಮಾಡಿಕೊಂಡು ಕುಡಿದದ್ದು ತಿಳಿ ಚಹಾ, ನಸುಗೆಂಪು ತಿಳಿ ಚಹಾ. 'ತಿಳಿ' ಎಂಬ ಪದ ಆವತ್ತು ತಡಕಾಡಿದರೂ ಕೈಗೆ ಸಿಕ್ಕಿರಲಿಲ್ಲ. 'ಗುಲಾಬಿ' ಸಿಕ್ಕಿತ್ತು. ಗಿರಾಕಿಗಳು "ಗುಲಾಬಿ ಪರದೆ ಬೇಕು" ಎಂದರೆ ಯಾವತ್ತಾದರೂ ಹೂವು ಹುಡುಕಿಕೊಂಡು ಹೋಗಿದ್ದಳೇ ಅವಳು? ದಿನಕ್ಕೆ ಹತ್ತು ಸಲ ಬಣ್ಣವಾಗಿ ಆಡುವ ಪದ, ಚಹಾದ ಪಕ್ಕ ಬಂದ ಕೂಡಲೇ ಹೂವಾಗಿ ಕೂತುಬಿಟ್ಟಿತ್ತು.

"ಅಯ್ಯೋ ಅಕ್ಕ! ಮತ್ತೆ ಆ ಸೋಪಿನ ನೀರೆಲ್ಲ ಯಾಕೆ ಕುಡಿದ್ರಿ? ಆ ಅತ್ತರು?"

ಅಕ್ಕನ ಮುಖದ ಎಡಭಾಗ ನಕ್ಕಿತು. ಬಲಭಾಗ ತಡವಾಗಿ, ಕಷ್ಟಪಟ್ಟು, ಅದರ ಹಿಂದೆ ಬಂತು. "ನೀನು... ಓಡಾಡ್ತಿದ್ದೆ. ನನಗೋಸ್ಕರ. ನೋಡೋಕೆ... ಚೆನ್ನಾಗಿತ್ತು."

ಪರದೆಯಮ್ಮ ಅಡುಗೆಮನೆಗೆ ಓಡಿದಳು. ಡಬ್ಬದಿಂದ ಚಿಟಿಕೆ ಎಲೆ ತೆಗೆದು, ಕುದಿಸದೆ, ಬಿಸಿನೀರು ಹೊಯ್ದು ಮುಚ್ಚಿ, ಬಣ್ಣ ಬಂದದ್ದೇ ಸೋಸಿದಳು. ಗಾಜಿನ ಲೋಟದಲ್ಲಿ ಅದು ಆ ಬಟ್ಟೆಯ ಬಣ್ಣಕ್ಕೇ ಬಂತು. ಅಕ್ಕ ಒಂದು ಗುಟುಕು ಕುಡಿದರು. ನುಂಗಿದ ಮೇಲೆ ಹುಬ್ಬು ಮೇಲೇರಿತು.

"ಹೂವೂ... ಇದೆ," ಎಂದರು ಆಶ್ಚರ್ಯದಿಂದ. ಮತ್ತೊಂದು ಗುಟುಕು. "ಇರಲಿ. ಚೆನ್ನಾಗಿದೆ."

ನೆಗಡಿ ಮುದುಕನ ಹೆಂಡತಿ ಚಹಾ ತಿಳಿಯಾಗಿ ಮಾಡಿದ್ದು ಪುಡಿ ಉಳಿಸಲಲ್ಲ ಎಂಬುದು ಪರದೆಯಮ್ಮನಿಗೆ ಆಗ ಹೊಳೆಯಿತು. ಆದರೆ ಅವಳಿಗೆ ನಗು ಬರಲಿಲ್ಲ. ಮಂಚದ ಕೆಳಗೆ ಅಕ್ಕನ ಸೂಟ್‌ಕೇಸು ಕಾಣುತ್ತಿತ್ತು. ಚಹಾ ಸರಿಯಾಗಿತ್ತು. ಸೂಟ್‌ಕೇಸು ಅಲ್ಲೇ ಇತ್ತು. ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು.

"ಅಕ್ಕ, ಹೋಗಬೇಡಿ."

ಅಕ್ಕ ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ.

"ಇಲ್ಲೇ ಇರಿ. ನಿಮ್ಮ ಮೈದುನನಿಗೂ ಅದೇ ಆಸೆ, ಬಾಯಿ ಬರಲ್ಲ ಅಷ್ಟೇ. ನನಗೂ ಬರ್ಲಿಲ್ಲ."

"ಯಾರೂ... ಅನ್ನಲಿಲ್ಲ," ಎಂದರು ಅಕ್ಕ. "ಇರು ಅಂತ."

"ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ ಅಕ್ಕ?"

"ಹೇಳ್ಬೇಕು." ಈ ಪದ ತಡವರಿಸದೆ ಬಂತು. ಆಮೇಲೆ ಬಾಗಿಲಾಚೆ ಕೈ ತೋರಿಸಿದರು. "ಮೆ... ಮೆಷಿನ್ನು?"

"ಅದಕ್ಕೇನು, ನಾಲ್ಕು ಕಾಲಿದೆ. ಎಲ್ಲಿ ನಿಲ್ಸಿದ್ರೂ ನಿಲ್ಲುತ್ತೆ."

ಅಕ್ಕ ಆವತ್ತು ಹೌದು ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಶನಿವಾರ ಮೈದುನ ಬಾಗಿಲಲ್ಲಿ ನಿಂತು, ತಲೆ ಕೆರೆದುಕೊಳ್ಳುತ್ತ, "ಅತ್ತಿಗೆ, ನಾಳೆ ಆ ಕಾರಿನವರಿಗೆ..." ಎಂದು ಎಳೆದಾಗ ಅಕ್ಕ, "ಬೇಡ" ಎಂದರು. ಅವನು ಬದುಕಿದೆಯಾ ಬಡಜೀವವೇ ಎಂದು ಫೋನು ಮಾಡಲು ಹೊರಟ. ಹೊಸ್ತಿಲು ದಾಟುವ ಮುಂಚೆ ಹಿಂದಿನಿಂದ ಕರೆ ಬಂತು.

"ಮಂಚ."

"ಮಂಚಕ್ಕೇನಾಯ್ತು ಅತ್ತಿಗೆ?"

"ತಿರುಗಿಸು. ಬೀದಿ... ಕಾಣಲ್ಲ."

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಗಂಡ ಹೆಂಡತಿ ಇಬ್ಬರೂ ಮಂಚಕ್ಕೆ ಕೈ ಹಾಕಿದರು. ಹಳೆಯ ಕಾಲದ ಮರ, ಕಲ್ಲಿನಂಥ ಭಾರ. ಕಾಲು ನೆಲಕ್ಕೆ ಉಜ್ಜಿ ಕಿರುಗುಟ್ಟಿತು. ಬೀರು ಅಡ್ಡ ಬಂತು. ಬೀರು ಸರಿಸಿದರೆ ಬಾಗಿಲು ತೆರೆಯದಾಯಿತು.

"ಹೋಗ್ತೀನಿ ಅಂದಾಗ ಸುಮ್ಮನಿದ್ದೋರು, ಇರ್ತೀನಿ ಅಂದ್ಮೇಲೆ ಮನೇನೇ ತಿರುಗಿಸ್ತಿದ್ದಾರಲ್ಲೇ," ಎಂದು ಅವನು ಸೊಂಟ ಹಿಡಿದುಕೊಂಡು ಪಿಸುಗುಟ್ಟಿದ.

"ತಿರುಗಿಸಿ, ತಿರುಗಿಸಿ. ಆ ಕಡೆ ಕಾಲು ಹಿಡೀರಿ."

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈ ಎತ್ತಿ, ಬೆರಳಲ್ಲಿ ಅಳತೆ ತೋರಿಸಿದರು.

"ಇನ್ನೂ... ಸ್ವಲ್ಪ."